ಪಾಪ

ಕೆಳಗಿನಿಂದ ಗಾಜಿನ ಕೆಲಸದ ಯಾದಗಿರಿ ಕೂಗುತ್ತಿದ್ದ: “ಅಮ್ಮಾ! ಪಾಪ! ಪಾಪ!”

ಮೂರನೇ ಮಹಡಿಯ ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದ ಶಿವದೇವಿಗೆ ಕೂಗು ಚೆನ್ನಾಗಿಯೇ ಕೇಳಿಸಿತು. ಮೊಮ್ಮಗಳನ್ನು ನೋಡಿಕೊಳ್ಳಲೆಂದು ಮುದ್ದೇಬಿಹಾಳದಿಂದ ಮಿಯಾಪುರಕ್ಕೆ ಬಂದು ಇನ್ನೂ ವಾರವಾಗಿಲ್ಲ. ತೆಲುಗು ಒಂದಕ್ಷರ ಬಾರದು. ತೆಲುಗಿನವರ ಬಾಯಲ್ಲಿ ಪಾಪ ಎಂದರೆ ಹೆಣ್ಣುಕೂಸು ಎಂದು ಆಕೆಗೆ ಹೇಳುವವರಾದರೂ ಯಾರು? ಊರಲ್ಲಿ ಪಾಪ ಎಂದರೆ ಅಯ್ಯೋ ಪಾಪ, ಅಷ್ಟೇ.

ಯಾದಗಿರಿ ಬಂದದ್ದು ಪಡಸಾಲೆ ಕಿಟಕಿಯ ಬಿರುಕು ಬಿಟ್ಟ ಗಾಜು ಬದಲಿಸಲು. ಆ ಕಿಟಕಿಗೆ ಸರಳಿಲ್ಲ. ಹಳೆಯ ಗಾಜು ಬಿಡಿಸಿಕೊಂಡು, ಹೊಸದನ್ನು ತರಲು ಕೆಳಗೆ ಆಟೋದ ಹತ್ತಿರ ಹೋಗಿದ್ದ. ಎರಡೂವರೆ ವರ್ಷದ ಪಿಂಕಿ ಒಳಕೋಣೆಯಲ್ಲಿ ಮಲಗಿದೆ ಎಂದೇ ಶಿವದೇವಿ ತಿಳಿದಿದ್ದಳು.

ಬಿಸಿಲಲ್ಲಿ ಭಾರ ಹೊತ್ತು ಸುಸ್ತಾಗಿರಬೇಕು ಅಂದುಕೊಂಡಳು. “ಹೂಂನಪ್ಪಾ, ಪಾಪನ ಮತ್ತ! ಮ್ಯಾಲ ಬಾ, ತಣ್ಣಗ ಮಜ್ಜಿಗಿ ಕುಡೀವಂತಿ” ಎಂದು ಅಲ್ಲಿಂದಲೇ ಕೂಗಿ ಹೇಳಿ, ಉಪ್ಪು ಹಾಕಿ ಕೊತ್ತಂಬರಿ ಹರಿದಳು. ಕೆಳಗಿನ ಧ್ವನಿ ಕೀರಲಾಯಿತು. “ಅಮ್ಮಾ! ಪಾಪ!”

“ಏನ್ ಅವಸರನೋ ಇವಗ” ಎಂದು ಗೊಣಗಿದಳು.

ಆಗ ಗಾಜು ಫಳಾರನೆ ಒಡೆದ ಸದ್ದು.

“ಅಯ್ಯ ಶಿವನೇ, ಹೊಸಾದು ಒಡದ ಬಿಟ್ಟನಲ್ಲ!” ಬಯ್ಯಬೇಕೆಂದೇ ಸೆರಗಿಗೆ ಕೈ ಒರೆಸುತ್ತ ಪಡಸಾಲೆಗೆ ಬಂದಳು. ಪಿಂಕಿ ದಿವಾನ ಮಂಚ ಹತ್ತಿ, ಗಾಜಿಲ್ಲದ ಕಿಟಕಿಯ ಕಟ್ಟೆಗೆ ಹೊಟ್ಟೆ ಊರಿ, ಅರ್ಧ ಮೈ ಹೊರಗೆ ಚಾಚಿ ಕೆಳಗೆ ನೋಡುತ್ತಿದೆ. ಕಾಲುಗಳು ಗಾಳಿಯಲ್ಲಿ ಆಡುತ್ತಿವೆ.

“ಅಜ್ಜೀ, ಎಷ್ಟ್ ಮಿಂಚಾಕತ್ತೈತಿ ನೋಡು” ಎಂದಿತು, ಬಳೆ ಸದ್ದು ಕೇಳಿ, ತಿರುಗದೆಯೇ.

ಕೂಗಿದರೆ ಬೆಚ್ಚೀತು. ಓಡಿದರೆ ಆಟ ಅಂದುಕೊಂಡು ಮುಂದೆ ಸರಿದೀತು. ಬಳೆಗಳನ್ನು ಒತ್ತಿ ಹಿಡಿದು, “ಹೌದನವ್ವಾ... ನನಗೂ ತೋರಸು... ಅಲ್ಲೇ ಇರು...” ಎನ್ನುತ್ತ ಒಂದೊಂದೇ ಹೆಜ್ಜೆ ಇಟ್ಟಳು. ಕೂಸಿನ ತಲೆಯಾಚೆ, ಕೆಳಗೆ, ಯಾದಗಿರಿ ಕಂಡ. ಈಗ ಕೂಗುತ್ತಿಲ್ಲ. ಚೂರುಗಳ ನಡುವೆ ನಿಂತು, ಕತ್ತೆತ್ತಿ, ಎರಡೂ ತೋಳು ಚಾಚಿ, ಕೂಸು ಅಲುಗಿದತ್ತ ತಾನೂ ಅಲುಗುತ್ತಿದ್ದಾನೆ.

ಫ್ರಾಕೂ ಕಾಲೂ ಸೇರಿ ಕೈಗೆ ಸಿಕ್ಕದ್ದನ್ನು ಬಾಚಿ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಕೂಸು ಹೋ ಎಂದು ಅತ್ತಿತು. ಆ ಅಳು ಕೇಳಿದ ಮೇಲೆಯೇ ಮುದುಕಿಗೆ ಹೋದ ಜೀವ ಬಂದದ್ದು.

ಯಾದಗಿರಿ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲೇ ಕುಸಿದು ಕೂತ. ಕೂಸಿನತ್ತ ಬೆರಳು ಮಾಡಿ “ಪಾಪ...” ಎಂದವನು ಅತ್ತೇಬಿಟ್ಟ.

“ಪಾಪ ಅಂದ್ರ ಕೂಸೇನಪ್ಪಾ? ನಾ ನಿನಗ ಮಜ್ಜಿಗಿ ಕುಡಿಯಾಕ ಕರದ್ನಲ್ಲೋ!” ಶಿವದೇವಿ ಹಣೆ ಹಣೆ ಬಡಿದುಕೊಂಡಳು.

ಅಷ್ಟರಲ್ಲಿ ಫೋನು ರಿಂಗಾಯಿತು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸೊಸೆ ವನಜಾ.

“ಅತ್ತಿ, ಗಾಜು ಹಾಕಿ ಹೋದನೇನ್ರಿ?”

“ಇಲ್ಲವಾ. ಒಡದ ಹಾಕ್ಯಾನ.”

“ಅಯ್ಯ, ಹೊಸಾದನ್ನ? ಕೈ ಜಾರಿತೇನ್ರಿ?”

ಶಿವದೇವಿ ಪಿಂಕಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. “ಜಾರಲಿಲ್ಲವಾ, ತಾನ ಬಿಟ್ಟ. ಎರಡೂ ಕೈ ಖಾಲಿ ಬೇಕಾಗಿದ್ದವು ಅವಗ.”