ಅರವತ್ತೆರಡು ಮನೆಯ ಉಪ್ಪು

“ಅರವತ್ತೆರಡಕ್ಕೆ ಅರವತ್ತೆರಡೂ ಮನೆ, ಅಜ್ಜಿ!” ಎಂದು ಜಿಪಾರ್ ಹೆಮ್ಮೆಯಿಂದ ಹೇಳಿ ಮುಗಿಸುವಷ್ಟರಲ್ಲಿ ಬಾತ್ಮಾ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕುಡಿಯುತ್ತಿದ್ದ ಚಹಾ ನೆತ್ತಿಗೇರಿ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಜಿಪಾರ್ ಎದ್ದು ಬೆನ್ನು ತಟ್ಟಬೇಕಾಯಿತು.

ನಗುವಂಥ ಮಾತನ್ನೇನೂ ಅವಳು ಆಡಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೋಕ್‌ಜಾರ್ ಹಳ್ಳಿಯಲ್ಲಿ ಮನೆಮನೆಯ ಉಪ್ಪು ಪರೀಕ್ಷಿಸುವ ಹುಡುಗಿಯಾಗಿ ಆರೋಗ್ಯ ಸಂಸ್ಥೆಗೆ ಸೇರಿದವಳು, ಮೇಲ್ವಿಚಾರಕಿಯಾಗಿ, ಆಮೇಲೆ ಇಡೀ ನರಿನ್ ಪ್ರಾಂತ್ಯದ ಮುಖ್ಯಸ್ಥೆಯಾಗಿ, ಈಗ ಉಪನಿರ್ದೇಶಕಿಯಾಗಿ ರಾಜಧಾನಿ ಬಿಷ್ಕೆಕ್‌ಗೆ ಹೊರಟಿದ್ದಳು. ಸೋಮವಾರದ ಸಭೆಯಲ್ಲಿ ಕೋಕ್‌ಜಾರ್‌ನ ಕಥೆಯನ್ನೇ ಹೇಳಬೇಕೆಂದು ನಿರ್ದೇಶಕರು ಕೇಳಿದ್ದರು. ಹೋಗುವ ಮುಂಚೆ, ಆಗಿನಿಂದ ಪರಿಚಯದ ಈ ಅಜ್ಜಿಯ ಕೈಯ ಉಪ್ಪು ಹಾಕಿದ ಹಾಲಿನ ಚಹಾ ಒಮ್ಮೆ ಕುಡಿದು ಹೋಗೋಣವೆಂದು ಬಂದಿದ್ದಳು.

ಆ ಚಳಿಗಾಲ ಅವಳಿಗೆ ನಿನ್ನೆ ಮೊನ್ನೆಯದೆಂಬಂತೆ ನೆನಪಿತ್ತು. ಅಕ್ಕನಿಂದ ಕೇಳಿ ತಂದ ದೊಡ್ಡ ಅಳತೆಯ ಬೂಟು, ಸೆಟೆದುಕೊಳ್ಳುತ್ತಿದ್ದ ಬೆರಳು, ಒಂದೊಂದು ಮನೆಯ ನಾಯಿಯ ಹೆಸರು. ಚಿಟಿಕೆ ಉಪ್ಪಿನ ಮೇಲೆ ಒಂದು ಹನಿ ಔಷಧ ಬಿಟ್ಟರೆ, ಅಯೋಡಿನ್ ಇದ್ದ ಉಪ್ಪು ನೀಲಿಯಾಗುತ್ತಿತ್ತು. ಮೊದಲ ಸುತ್ತಿನಲ್ಲಿ ನೀಲಿಯಾದದ್ದು ಒಂಬತ್ತೇ ಮನೆ. ಉಳಿದವರದೆಲ್ಲ ಆಲೂಗಡ್ಡೆ ಕೊಟ್ಟು ಲಾರಿಯವನಿಂದ ಪಡೆದ ಬಿಡಿ ಉಪ್ಪು. ಅಯೋಡಿನ್ ಸಾಲದೆ ಹೆಂಗಸರ ಕುತ್ತಿಗೆಯಲ್ಲಿ ಗಂಟು ಎದ್ದು ಕಾಣುತ್ತಿತ್ತು. ಮೂರು ತಿಂಗಳಲ್ಲಿ ಫಲ ಕಾಣದಿದ್ದರೆ ಮನೆಗೆ ಹೋಗು ಎಂದಿದ್ದರು ಕಚೇರಿಯಲ್ಲಿ. ಮೂರನೆಯ ತಿಂಗಳು ನೋಡಿದರೆ ಪ್ರತಿಯೊಂದು ಮನೆಯಲ್ಲೂ ನೀಲಿ! ಬೀದಿಯಲ್ಲಿ ಕುಣಿಯುವುದೊಂದು ಬಾಕಿ.

“ಅದು ಒಂದೇ ಉಪ್ಪು ಕಣೆ,” ಅಜ್ಜಿ ಕಣ್ಣೊರೆಸಿಕೊಂಡಳು.

“ಒಂದೇ ಉಪ್ಪು ಅಂದ್ರೆ?”

“ಮೊದಲೇ ನೀಲಿಯಾಗಿದ್ದ ಮನೆ ಬಿಟ್ರೆ ಉಳಿದದ್ದಕ್ಕೆಲ್ಲ ಮೇಷ್ಟ್ರ ಹೆಂಡ್ತಿ ಪೇಟೆಯಿಂದ ತಂದಿದ್ದ ಒಂದೇ ಒಂದು ಪೊಟ್ಟಣ. ನೀನು ಈ ಮನೇಲಿ ಹನಿ ಬಿಟ್ಟು, ಬರ್ಕೊಂಡು, ರೊಟ್ಟಿ ಮುರಿದು ಬಾಯಿಗಿಡೋ ಅಷ್ಟರಲ್ಲಿ ಅದು ಹಿತ್ತಲ ಗೋಡೆ ದಾಟಿ ಪಕ್ಕದ ಮನೆ ಸೇರ್ತಿತ್ತು. ಮತ್ತೆ, ಪ್ರತಿ ಮನೇಲೂ ತಿನ್ನು ತಿನ್ನು ಅಂತ ನಿನ್ನ ಹಿಡಿದು ಕೂರಿಸ್ತಿದ್ದಿದ್ದು ಯಾಕೆ ಅಂದ್ಕೊಂಡೆ?”

ಜಿಪಾರ್ ಬಟ್ಟಲನ್ನು ಕೆಳಗಿಟ್ಟಳು. ಕೆಲಸ ಕಾಯಂ ಆದದ್ದು ಆ ನೀಲಿಯಿಂದ. ಮೊದಲ ಬಡ್ತಿ ಬಂದದ್ದೂ ಅದರಿಂದಲೇ.

“ಹಾಗಾದ್ರೆ ಮಕ್ಕಳು? ಅವೆಲ್ಲ ಹಳೇ ಉಪ್ಪನ್ನೇ ತಿಂದ್ವಾ?”

ಅಜ್ಜಿಯ ನಗು ನಿಂತಿತು. “ತಿಂದ್ವು. ಆ ಒಂದು ಚಳಿಗಾಲ. ಹಿಮ ಕರಗೋ ಹೊತ್ತಿಗೆ ನೀನು ಮತ್ತೆ ಬಂದೆ. ಪೊಟ್ಟಣ ದಾಟಿಸೋಕೆ ಹೋಗಿ ನಾನು ಜಾರಿ ಬಿದ್ದು ಮೊಣಕೈ ಮುರ್ಕೊಂಡೆ. ಅವತ್ತೇ ಹೆಂಗಸರೆಲ್ಲ ಸೇರಿ, ಸಾಕಪ್ಪಾ ಈ ಕಳ್ಳಾಟ, ಮನೆಗೊಂದು ಪೊಟ್ಟಣ ತಂದೇ ಬಿಡೋಣ ಅಂದ್ವಿ. ಆಮೇಲಿಂದು ಎಲ್ಲಾ ನಿಜವಾದ ನೀಲಿ. ನನ್ನ ಮೊಮ್ಮಕ್ಕಳ ಕುತ್ತಿಗೆ ಮುಟ್ಟಿ ನೋಡು ಬೇಕಾದ್ರೆ.”

“ನೀರು ತರೋಕೆ ಹೋಗಿ ಬಿದ್ದೆ ಅಂದಿದ್ರಿ ನನಗೆ! ಕೈಗೆ ಪಟ್ಟಿ ಕಟ್ಟಿದ್ದು ನಾನೇ!”

“ಚೆನ್ನಾಗೇ ಕಟ್ಟಿದ್ದೆ ಬಿಡು. ಒಂದು ಚೂರೂ ಸೊಟ್ಟ ಆಗಿಲ್ಲ.”

ಜಿಪಾರ್‌ಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅರವತ್ತೆರಡು ಮನೆಯ ರೊಟ್ಟಿ, ಕೆನೆ, ಬಾಗಿಲಲ್ಲಿ ನಿಂತು ಒತ್ತಾಯ ಮಾಡುತ್ತಿದ್ದ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವರಲ್ಲಿ ಅರ್ಧದಷ್ಟು ಜನ ಈಗಿಲ್ಲ.

“ಸೋಮವಾರ ನಾನು ಅಲ್ಲಿ ಏನು ಹೇಳ್ಲಿ ಅಜ್ಜಿ?”

“ಆಗಿದ್ದನ್ನೇ ಹೇಳು. ಇನ್ನು ನಿನ್ನ ಯಾರು ಕೆಲಸದಿಂದ ತೆಗೀತಾರೆ?”

“ಆದ್ರೆ ಯಾಕೆ ಹಾಗೆ ಮಾಡಿದ್ರಿ? ಅಷ್ಟು ಸಲ ಬಿಡಿಸಿ ಹೇಳಿದ್ದೆ, ಚಿತ್ರ ತೋರಿಸಿದ್ದೆ…”

ಅಜ್ಜಿ ಅವಳ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದಳು.

“ಮೊದಲನೇ ಸುತ್ತು ಮುಗಿಸಿದ ದಿನ ನಮ್ಮ ಕುರಿದೊಡ್ಡಿ ಹಿಂದೆ ಕೂತು ಅತ್ತೆಯಲ್ಲ, ಯಾರೂ ನೋಡ್ಲಿಲ್ಲ ಅಂದ್ಕೊಂಡಿದ್ದೆಯಾ? ಉಪ್ಪಿನ ವಿಷಯ ನೀನು ಹೇಳಿದ್ದು ಆಗ ನಮಗೆ ಒಂದಕ್ಷರ ತಲೆಗೆ ಹೋಗಿರಲಿಲ್ಲ ಮಗಳೇ. ಹುಡುಗಿ ಅಳೋದು ಅರ್ಥ ಆಗದೇ ಇರುತ್ತಾ?”