ಬೀಜ ತೆಗೆದ ಖರ್ಜೂರ

ಬೀಜ ತೆಗೆದ ಖರ್ಜೂರವನ್ನು ನಾನು ಇಂದಿಗೂ ಬಾಯಿಗಿಡುವುದಿಲ್ಲ.

ಆಗ ನಾವು ಸೌದಿಯ ಖತೀಫ್‌ನಲ್ಲಿದ್ದೆವು. ಪಪ್ಪನಿಗೆ ಬೆನ್ನುನೋವಿನ ಮಾತ್ರೆ ಚಟವಾಗಿತ್ತು. ಡಾಕ್ಟರು ವಾರವಾರವೂ ಅದರ ಪ್ರಮಾಣ ಕಡಿಮೆ ಮಾಡುತ್ತಿದ್ದರು. ಮಾತ್ರೆಗಳೆಲ್ಲ ಅಮ್ಮನ ವಶದಲ್ಲಿದ್ದವು. ಬ್ಲೇಡಿನಿಂದ ಅರ್ಧ ಮಾಡಿ, ನಾಲ್ಕು ಗಂಟೆಗೆ, ಒಂದು ನಿಮಿಷ ಆಚೀಚೆಯಾಗದಂತೆ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಪಪ್ಪನ ಡಬ್ಬದಿಂದ ಅಂಟಂಟಾದ ಖರ್ಜೂರವೊಂದನ್ನು ಕದ್ದು ಕಚ್ಚಿದೆ. ಒಳಗೆ ಬೀಜದ ಜಾಗದಲ್ಲಿ ತುಂಬುವ ಬಾದಾಮಿಯ ಬದಲು ಮಾತ್ರೆಯ ಚೂರು ಸುಣ್ಣದಂತೆ ಪುಡಿಯಾಯಿತು. ವಿಷದಂಥ ಕಹಿ. ಜೊಲ್ಲಿನ ಸಮೇತ ನೆಲಕ್ಕೆ ಉಗಿದೆ.

ಅಮ್ಮ ಓಡಿ ಬಂದು ನೋಡಿ ಪಪ್ಪನತ್ತ ತಿರುಗಿದಳು. "ಮಾತ್ರೆ ಎಲ್ಲ ನನ್ನ ಕೈಗೆ ಕೊಟ್ಟಾಯ್ತು ಅಂದ್ರಲ್ಲ ಮಾರಾಯ್ರೆ, ಇದೆಂತ?"

"ಇದೊಂದೇ ಇದ್ದದ್ದು," ಎಂದರು ಪಪ್ಪ. ಸೊಂಟ ಹಿಡಿದು ಬಗ್ಗಿ, ಕೂದಲು ಅಂಟಿದ್ದ ಆ ಮುದ್ದೆಯನ್ನು ಹೆಕ್ಕಿ ನುಂಗಿದರು.

ಅಮ್ಮ ಬ್ಲೇಡು ತಂದು, ಡಬ್ಬದಲ್ಲಿ ಉಳಿದ ಖರ್ಜೂರಗಳನ್ನು ಒಂದೊಂದಾಗಿ ಸೀಳತೊಡಗಿದಳು.