ಮುಂದಿನ ಸೀಟಿನ ದಲ್ಲಾಳಿ

“ಸಹಿ ಹಾಕಬೇಡಿ ಅಕ್ಕ,” ಎಂದು ಆ ಮನುಷ್ಯ ನಾಲ್ಕನೆಯ ಸಲ ಹೇಳಿದಾಗ ಅವಳಿಗೆ ಪಿತ್ತ ನೆತ್ತಿಗೇರಿತು.

“ನಿಮಗೆಷ್ಟು ಪರ್ಸೆಂಟು? ಅದನ್ನ ಮೊದಲು ಹೇಳಿ.”

ಅವನು ಆಸ್ಪತ್ರೆಯ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. “ನನ್ನ ಪಾಲಿಗೆ ಬರೋದು ನನಗೆ ಬಂದೇ ಬರುತ್ತೆ, ಬಿಡಿ.”

ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೂ ಇಲ್ಲವಲ್ಲ! ಇಂಥವರನ್ನು ಅವಳು ಬಲ್ಲಳು. ಅಪಘಾತದ ವಾರ್ಡಿಗೆ ಡಾಕ್ಟರಿಗಿಂತ ಮೊದಲು ಬಂದು, ಪರಿಹಾರ ಕೊಡಿಸುತ್ತೇನೆಂದು ಬೆನ್ನು ಹತ್ತಿ, ಬಂದದ್ದರಲ್ಲಿ ಅರ್ಧ ನುಂಗುವ ದಲ್ಲಾಳಿಗಳು. ಉರಿಯುವ ಮನೆಯಲ್ಲಿ ಗಳ ಹಿರಿಯುವ ಜನ.

ಅವಳ ಎಡಗಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿತ್ತು. ಪಾರ್ಲರಿನಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಕೂದಲು ಕತ್ತರಿಸಲು ಆಧಾರವಾಗಿದ್ದ ಕಾಲು ಅದು. ಗುದ್ದಿದ ಕಾರನ್ನು ಅವಳು ನೋಡಿರಲೇ ಇಲ್ಲ. ಹಿಂದಿನಿಂದ ಬಂತು, ಕಣ್ಣು ಬಿಟ್ಟಾಗ ಮೇಲೆ ಆಸ್ಪತ್ರೆಯ ಫ್ಯಾನು ತಿರುಗುತ್ತಿತ್ತು. ಅದು ಡ್ರೈವಿಂಗ್ ಸ್ಕೂಲಿನ ಕಾರಂತೆ, ಓಡಿಸುತ್ತಿದ್ದವಳು ಇನ್ನೂ ಕಲಿಯುತ್ತಿದ್ದ ಹುಡುಗಿಯಂತೆ. ಅವಳೊಬ್ಬಳನ್ನೇ ಬಿಟ್ಟು ಕಲಿಸುವ ಮೇಷ್ಟ್ರು ಟೀ ಕುಡಿಯಲು ಇಳಿದುಹೋಗಿದ್ದ ಎಂದು ಸ್ಕೂಲಿನ ಮಾಲೀಕ ಬರೆದುಕೊಟ್ಟಿದ್ದ. ಪಾಲಿಸಿಯ ಷರತ್ತು ಮುರಿದುಹೋಗಿದೆ, ಕನಿಕರಕ್ಕೆ ಇಷ್ಟು ಕೊಡುತ್ತೇವೆ ಎಂದು ವಿಮೆ ಕಂಪನಿ ಕಾಗದ ಕಳಿಸಿತ್ತು. ಆ ‘ಇಷ್ಟು’ ಈ ತಿಂಗಳ ಔಷಧಿಗೂ ಸಾಲುತ್ತಿರಲಿಲ್ಲ.

“ಬಂದಷ್ಟು ತಗೊಂಡು ಸುಮ್ಮನಿರು, ದೊಡ್ಡೋರ ಸಹವಾಸ ಬೇಡ,” ಎಂದು ಅತ್ತೆ ಫೋನಿನಲ್ಲಿ ಹೇಳಿ ಆಗಿತ್ತು.

“ಕೆಳಗಿನ ಸಾಲು ಓದಿ,” ಎಂದ ದಲ್ಲಾಳಿ. “‘ಇನ್ನು ಯಾವ ತಕರಾರೂ ಇಲ್ಲ’ ಅಂತಿದೆ. ಸಹಿ ಹಾಕಿದ್ರೆ ಮುಗೀತು. ಬರೀ ಆಸ್ಪತ್ರೆ ಬಿಲ್ಲಲ್ಲ ಅಕ್ಕ, ನಿಂತುಹೋದ ದುಡಿಮೆ, ಮುಂದಿನ ಆಪರೇಷನ್ನು, ಕಾಲು ಸರಿಹೋಗದಿದ್ರೆ ಮುಂದಿನ ಸಂಪಾದನೆ, ಎಲ್ಲಾ ಕೇಳೋ ಹಕ್ಕು ನಿಮಗಿದೆ. ಆ ಸ್ಕೂಲಿನೋರು ಕಡಿಮೆ ಬೆಲೆ ಪಾಲಿಸಿ ಬಿಟ್ಟು ಕಲಿಯೋರಿಗೂ ಅನ್ವಯಿಸೋ ಪಾಲಿಸೀನೇ ಮಾಡಿಸಿದ್ದಾರೆ. ನಾನು ಓದಿದ್ದೀನಿ.”

“ಅದು ನಿಮ್ಮ ಕೈಗೆ ಹೇಗೆ ಬಂತು?”

ಅವನು ಕಂಪನಿಯ ಕಾಗದವನ್ನು ಮಡಚತೊಡಗಿದ. ದಲ್ಲಾಳಿಗಳಿಗೆ ಯಾವ ಕಾಗದ ತಾನೇ ಸಿಗುವುದಿಲ್ಲ!

“ಆ ಮೇಷ್ಟ್ರು ನನ್ನ ಕೈಗೆ ಸಿಗಲಿ,” ಎಂದು ಅವಳು ಹಲ್ಲು ಕಡಿದಳು. “ತಲೆ ಬೋಳಿಸಿ ಬೀದೀಲಿ ನಡೆಸ್ತೀನಿ. ಕತ್ತರಿ ನನ್ನ ಹತ್ರಾನೇ ಇದೆ.”

“ನಾಳೆ ಕಂಪನಿ ಆಫೀಸಿಗೆ ಹೋಗೋಣ,” ಎಂದಷ್ಟೇ ಅವನು ಹೇಳಿದ.

ಕಳ್ಳನಾದರೂ ಕಾನೂನು ಬಲ್ಲ ಕಳ್ಳ ಎಂದುಕೊಂಡು ಮರುದಿನ ಅವಳು ಹೊರಟಳು. ಗಂಡ ಪರವೂರಿನ ಕೆಲಸದಲ್ಲಿದ್ದ, ಗಾಲಿಕುರ್ಚಿ ತಳ್ಳಲು ಬೇರೆ ಯಾರೂ ಇರಲಿಲ್ಲ. ಟ್ಯಾಕ್ಸಿಯ ಹಿಂದಿನ ಸೀಟಿನ ಉದ್ದಕ್ಕೂ ಅವಳ ಕಾಲೇ ಚಾಚಿಕೊಂಡಿದ್ದರಿಂದ ದಲ್ಲಾಳಿ ಡ್ರೈವರಿನ ಪಕ್ಕ ಕೂತ. ಪ್ರತಿ ತಿರುವಿನಲ್ಲೂ, ಪ್ರತಿ ಸಿಗ್ನಲ್ಲಿನಲ್ಲೂ ಅವನ ಬಲಗಾಲು ದಡಕ್ಕನೆ ನೆಲ ಒತ್ತುತ್ತಿತ್ತು.

“ಯಾಕೆ ಸಾರ್, ನನ್ನ ಮೇಲೆ ನಂಬಿಕೆ ಇಲ್ವಾ? ಮ್ಯಾಟ್ ತೂತು ಬೀಳುತ್ತೆ,” ಎಂದು ಡ್ರೈವರ್ ನಕ್ಕ.

ಪುಕ್ಕಲ ಬೇರೆ, ಎಂದುಕೊಂಡಳು ಅವಳು. ಇವನು ನನ್ನ ಪರವಾಗಿ ಜಗಳಾಡುತ್ತಾನಂತೆ!

ಕಂಪನಿಯ ಅಧಿಕಾರಿ ನೀರು ಕೊಟ್ಟು ಉಪಚರಿಸಿದ. ಆಮೇಲೆ ಅದೇ ಕಾಗದವನ್ನು ಮುಂದೆ ತಳ್ಳಿದ.

“ನೋಡಿ ಅಮ್ಮ, ನಿಮ್ಮದು ಕೈಕೆಲಸ. ಕೈ ಗಟ್ಟಿಯಾಗಿದೆ. ದುಡಿಮೆಗೆ ಏನು ನಷ್ಟ?”

“ಕೂದಲು ಕತ್ತರಿಸೋದು ಕೈಲೇ, ಸರಿ. ಗಿರಾಕಿ ಸುತ್ತ ತಿರುಗೋದು ನಿಮ್ಮ ಕಾಲಲ್ಲಾ?” ಅವಳ ದನಿಗೆ ಪಕ್ಕದ ಟೇಬಲ್ಲುಗಳ ತಲೆಗಳೆಲ್ಲ ಮೇಲೆದ್ದವು. “ನೀವೇ ಒಂಟಿ ಕಾಲಲ್ಲಿ ಒಂದು ತಲೆಯ ಕೂದಲು ಕತ್ತರಿಸಿ ತೋರಿಸಿ, ಈಗಲೇ ಸಹಿ ಹಾಕ್ತೀನಿ!”

ಅಧಿಕಾರಿಯ ನಗು ಮಾಯವಾಯಿತು. “ಕೂಗಾಡಿ ಪ್ರಯೋಜನ ಇಲ್ಲ. ಕಲಿಸೋ ಕಾರಲ್ಲಿ ಮೇಷ್ಟ್ರು ಪಕ್ಕದಲ್ಲಿರಬೇಕು, ಅವರಿಗೆ ಅಂತಾನೇ ಇನ್ನೊಂದು ಬ್ರೇಕ್ ಇರುತ್ತೆ. ಅವರಿದ್ದಿದ್ರೆ ಕಂಪನಿ ಪೂರ್ತಿ ಪರಿಹಾರ ಕೊಡ್ತಿತ್ತು. ಇರಲಿಲ್ಲ.”

“ಇದ್ರು ಅಂತ ಆ ಹುಡುಗಿ ಹೇಳ್ತಿದ್ದಾಳಂತಲ್ಲ?” ಎಂದಳು ಅವಳು.

“ಅಳ್ತಾ ಹೇಳ್ತಾಳೆ. ಅವಳ ಮಾತು ಯಾರು ಕೇಳ್ತಾರೆ? ಇದ್ದೆ ಅಂತ ಒಪ್ಪಿಕೊಂಡ್ರೆ ಆ ಮೇಷ್ಟ್ರಿಗೆ ಲೈಸೆನ್ಸೂ ಹೋಗುತ್ತೆ, ಕೇಸೂ ಬೀಳುತ್ತೆ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕ್ಕೊಳ್ಳೋಕೆ ಯಾವ ಹುಚ್ಚ ಬರ್ತಾನೆ ಹೇಳಿ?”

ಅವಳಿಗೆ ಇಡೀ ಕೋಣೆಗೆ ಬೆಂಕಿ ಹಚ್ಚುವಷ್ಟು ಸಿಟ್ಟಿತ್ತು, ಆದರೆ ಎದ್ದು ನಿಲ್ಲಲು ಕಾಲಿರಲಿಲ್ಲ. ಪಕ್ಕಕ್ಕೆ ತಿರುಗಿದಳು. ಇಷ್ಟು ದಿನ ಹಕ್ಕು ಹಕ್ಕು ಎಂದು ಬಡಕೊಂಡ ಮಹಾನುಭಾವ ಬಾಯಿಗೆ ಬೀಗ ಹಾಕಿಕೊಂಡು ಬೆವರುತ್ತಿದ್ದ.

“ಮಾತಾಡ್ರೀ! ಇದಕ್ಕೇನಾ ನನ್ನ ಕರಕೊಂಡು ಬಂದಿದ್ದು?”

ಅವಳು ಪೆನ್ನು ತೆಗೆದುಕೊಂಡಳು. ಕಣ್ಣು ಮಂಜಾಗಿ ಸಹಿಯ ಜಾಗವೇ ಸರಿಯಾಗಿ ಕಾಣುತ್ತಿರಲಿಲ್ಲ.

ಪೆನ್ನಿನ ಮೊನೆ ತಾಗುವ ಮುಂಚೆ ಅವನು ಕಾಗದವನ್ನು ಎಳೆದುಕೊಂಡ. ಈಗ ತನ್ನ ಕಮಿಷನ್ನಿನ ಚೌಕಾಸಿ ಶುರುಮಾಡುತ್ತಾನೆ ಎಂದುಕೊಂಡಳು. ಅವನು ಅದನ್ನು ಮಗುಚಿ ಹಾಕಿ, ಅವಳ ಕೈಯಿಂದಲೇ ಪೆನ್ನು ತೆಗೆದುಕೊಂಡು, ಹಿಂಬದಿಯ ಖಾಲಿ ಹಾಳೆಯ ಮೇಲೆ ಏನೋ ಬರೆದ. ಕೆಳಗೆ ಸಹಿ ಹಾಕಿದ. ಜೇಬಿನಿಂದ ತನ್ನ ಲೈಸೆನ್ಸ್ ತೆಗೆದು ಅದರ ಮೇಲಿಟ್ಟು ಅಧಿಕಾರಿಯತ್ತ ತಳ್ಳಿದ.

ಅಧಿಕಾರಿ ಅದನ್ನು ಜೋರಾಗಿಯೇ ಓದತೊಡಗಿದವನು, ಓದುತ್ತ ಓದುತ್ತ ದನಿ ತಗ್ಗಿಸಿದ:

“ನಾನು ಟೀ ಕುಡಿಯಲು ಇಳಿದಿರಲಿಲ್ಲ, ಹುಡುಗಿಯ ಪಕ್ಕದಲ್ಲೇ ಕೂತಿದ್ದೆ, ಬ್ರೇಕು ನನ್ನ ಕಾಲ ಕೆಳಗೇ ಇತ್ತು, ಕಣ್ಣು ಮಾತ್ರ ಮೊಬೈಲಿನಲ್ಲಿತ್ತು.”